ಎಂಟರ ಒದೆತ

"ಮೆತ್ತಗಿರೋದು ಬೇಡ, ಮೇಸ್ತ್ರಿ. ಎಂಟೇ ಇರಲಿ."

ಬಂದೂಕು ಮಾಡುವ ಲೀನ್‌ಹಾರ್ಟ್ ಮೇಜಿನ ಮೇಲೆ ಮೂರು ತೋಟಾ ನಿಲ್ಲಿಸಿದ್ದ. ಆರೂವರೆ ಮಿಲಿಮೀಟರಿನದು, ಏಳರದು, ಎಂಟರದು. ವಾಲ್ಬುರ್ಗಾ ಮೊದಲಿನೆರಡನ್ನು ಮುಟ್ಟಿಯೂ ನೋಡಲಿಲ್ಲ.

"ಬೆಟ್ಟದ ಕಾಡುಮೇಕೆಗೆ ಆರೂವರೆ ಸಾಕೋ ಸಾಕು. ನಮ್ಮಪ್ಪ ಅದರಲ್ಲೇ ಆಯಸ್ಸು ಕಳೆದ."

"ನಾನು ಮಾಡಿಸ್ತಿರೋದು ನಿಮ್ಮಪ್ಪನಿಗಲ್ಲವಲ್ಲ."

ಒಂದೇ ಗುಂಡಿನ ಬಂದೂಕು. ನಡುವೆ ಬಾಗಿಸಿ ತೆರೆದು, ಒಂದು ತೋಟಾ ತುರುಕಿ, ಮುಚ್ಚಿ ಹೊಡೆಯುವಂಥದ್ದು. ಫೆರ್ಲಾಖ್ ಊರಿನ ಕುಶಲಿಗರು ಮುತ್ತಜ್ಜಂದಿರ ಕಾಲದಿಂದ ಅದನ್ನು ಮಾಡಿಕೊಂಡು ಬಂದವರು. ವಾಲ್ಬುರ್ಗಾಳ ಗಂಡ ಕೊರ್ಬಿನಿಯನ್‌ನ ಹಳೆಯ ಬಂದೂಕಿನ ಕೀಲು ಸಡಿಲಾಗಿತ್ತು. ಅವಳು ಅದನ್ನು ತಂದು ತೋರಿಸಿದಾಗ, ಇನ್ನು ಇದರಲ್ಲಿ ಹೊಡೆಯುವುದು ಅಪಾಯ ಎಂದವನು ಲೀನ್‌ಹಾರ್ಟನೇ. ಹಾಗಾಗಿ ಹೊಸದನ್ನು ಮಾಡಿಸುವುದರಲ್ಲಿ ವಿಚಿತ್ರವೇನೂ ಇರಲಿಲ್ಲ. ವಿಚಿತ್ರವಿದ್ದದ್ದು ಮಿಕ್ಕದ್ದರಲ್ಲಿ.

"ತೂಕ?"

"ಎಷ್ಟು ಹಗುರ ಆಗುತ್ತೋ ಅಷ್ಟು. ಹಳೇದು ಬಂದೂಕಲ್ಲ, ಹಾರೆ."

"ಆ ಹಾರೆಯ ಭಾರಕ್ಕೇ ಒದೆತ ತಡೀತಿತ್ತು. ಹಗುರ ಬಂದೂಕಿಗೆ ಎಂಟರ ತೋಟಾ ಹಾಕಿದ್ರೆ ಹೇಸರಗತ್ತೆ ಒದ್ದಂಗೆ ಒದೆಯುತ್ತೆ."

"ಒದೀಲಿ ಬಿಡಿ."

"ಮರದ ಹಿಡಿ ಹಳೇ ಅಳತೆಗೇ ತಾನೆ?"

"ಮೂರು ಬೆರಳು ಗಿಡ್ಡ ಮಾಡಿ. ಚಳಿಗಾಲದ ದಪ್ಪ ಕೋಟು, ಗೊತ್ತಲ್ಲ."

ಲೀನ್‌ಹಾರ್ಟನ ಪೆನ್ಸಿಲು ನಿಂತಿತು. ಭುಜಕ್ಕೊತ್ತುವ ಹಿಡಿ ಗಿಡ್ಡವಾದಷ್ಟೂ ನಳಿಗೆಯ ಮೇಲಿನ ಗುರಿಯ ದುರ್ಬೀನು ಮುಖಕ್ಕೆ ಹತ್ತಿರ. ಹಗುರ ಬಂದೂಕು, ಗಿಡ್ಡ ಹಿಡಿ, ಬಿರುಸು ತೋಟಾ. ಈ ಮೂರೂ ಕೂಡಿದರೆ ದುರ್ಬೀನಿನ ಅಂಚು ಹೊಡೆಯುವವನ ಕಣ್ಣಿಗೇ ಬಂದು ಬಡಿಯುತ್ತದೆ.

ಕೊರ್ಬಿನಿಯನ್‌ಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣನ್ನು ಚಿಕ್ಕಂದಿನಲ್ಲೇ ಮರದ ಸಿಬಿರು ತಿಂದಿತ್ತು. ಎರಡು ವರ್ಷದ ಹಿಂದೆ ಬಲಗಣ್ಣಿನ ಒಳಪದರ ಕಳಚಿ, ಆಪರೇಷನ್ ಆಗಿತ್ತು. ಒದೆಯುವ ಬಂದೂಕಿನ ಹತ್ತಿರ ಸುಳಿಯಬೇಡ ಎಂದಿದ್ದರು ಡಾಕ್ಟರು. ಅವನ ಕಣ್ಣು ಹೋದರೆ ಮೇಲಿನ ಬಂಡೆಗಳ ಬೇಟೆಯ ಹಕ್ಕು ಇನ್ನೊಬ್ಬರ ಪಾಲಾಗುತ್ತಿತ್ತು. ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದವರು ಕಣಿವೆಯಲ್ಲಿ ಬೇಕಾದಷ್ಟಿದ್ದರು. ಆದರೆ ಆಪರೇಷನ್ ಆದ ಮೇಲೂ ಅವನ ಅದೇ ಹಳೆಯ ಎಂಟರ ಬಂದೂಕಿಗೆ ನಾಲ್ಕು ಹೋತಗಳು ಉರುಳಿದ್ದವು. ಬಂಡೆಗಳ ಮೇಲೆ ಆ ದನಿ ಗುಡುಗಿದರೆ ಸಾಕು, ಕೆಳಗೆ ಪಾನಶಾಲೆಯಲ್ಲಿ ಕೂತವರು ಬಿಯರ್ ಲೋಟ ಕೆಳಗಿಟ್ಟು, "ಅಗೋ, ಕೊರ್ಬಿನಿಯನ್" ಎನ್ನುತ್ತಿದ್ದರು.

"ಡಾಕ್ಟರು ಹೇಳಿದ್ದು ನೆನಪಿದೆ ತಾನೆ, ವಾಲ್ಬುರ್ಗಾ?"

"ಅವರ ಕಣ್ಣಿನ ಚಿಂತೆ ನನಗಿರಲಿ."

"ಒಂದ್ಸಲ ಅವನನ್ನೇ ಕರಕೊಂಡು ಬಾ. ಭುಜದ ಅಳತೆ ತಗೋತೀನಿ."

"ಬೇಡ." ಮಾತು ತಟ್ಟನೆ ಬಂತು. ಆಮೇಲೆ ನಕ್ಕಳು. "ಹುಟ್ಟುಹಬ್ಬಕ್ಕೆ ಕೊಡೋದು, ಮೇಸ್ತ್ರಿ. ಅವರ ಕಿವಿಗೇನಾದ್ರೂ ಬಿತ್ತೋ, ನಿಮ್ಮ ಕಿವಿ ಕಿತ್ತು ಕೈಗೆ ಕೊಡ್ತೀನಿ."

ಅವಳು ಹೋದ ಮೇಲೆ ಲೀನ್‌ಹಾರ್ಟನಿಗೆ ಕೆಲಸ ಸಾಗಲಿಲ್ಲ. ಹಿಂದೊಮ್ಮೆ ಕೊರ್ಬಿನಿಯನ್ ಬೇಕರಿಯ ವಿಧವೆಯ ಹಿಂದೆ ಬಿದ್ದಿದ್ದ. ಆಗ ಚರ್ಚಿನ ಮೆಟ್ಟಿಲ ಮೇಲೆ, ಊರಿಗೆ ಊರೇ ನಿಂತಿರುವಾಗ ಇದೇ ವಾಲ್ಬುರ್ಗಾ ಕೂಗಿದ್ದಳು: "ಕಂಡವರನ್ನ ನೋಡೋ ಆ ಕಣ್ಣು ಇಂಗಿಹೋಗ್ಲಿ!" ಬಳಿಕ ಇಬ್ಬರೂ ರಾಜಿಯಾದರು. ಈಗಂತೂ ಅವಳು ಗಂಡನನ್ನು ಬಿಟ್ಟಿರುವುದೇ ಅಪರೂಪ. ಬೆಟ್ಟಕ್ಕೂ ತೋಳು ಹಿಡಿದೇ ಹೋಗುತ್ತಾಳೆ. ಊರವರು ಹೊಸ ಮದುಮಕ್ಕಳೆಂದು ಚುಡಾಯಿಸುತ್ತಾರೆ. ಲೀನ್‌ಹಾರ್ಟನೂ ಚುಡಾಯಿಸಿದ್ದ. ಈಗ ಆ ತಮಾಷೆಯೇ ಅನುಮಾನಕ್ಕೆ ತಿರುಗಿತು. ಬೇಟೆಯಲ್ಲಿ ಕಣ್ಣು ಹೋದರೆ ಯಾರು ಯಾರನ್ನು ಕೇಳುತ್ತಾರೆ? ಬಂದೂಕು ಒದೆಯಿತು ಎನ್ನುತ್ತಾರೆ, ಅಷ್ಟೆ. ಮಾಡಿಕೊಟ್ಟವನು ತಾನು.

ನಳಿಗೆಗೆ ಅವನು ಕೈ ಹಚ್ಚಲಿಲ್ಲ. ಮರುದಿನ ವಾಲ್ಬುರ್ಗಾ ಹಾಲಿನ ಕ್ಯಾನು ಹೊತ್ತು ಇಳಿದುಹೋಗುವುದನ್ನು ಮರೆಯಲ್ಲಿ ನಿಂತು ನೋಡಿ, ಆಮೇಲೆ ಅವರ ಮನೆಯ ದಾರಿ ಹತ್ತಿದ.

ಕೊರ್ಬಿನಿಯನ್ ಬಾಗಿಲ ಮುಂದಿನ ಬೆಂಚಿನಲ್ಲಿ ಬಿಸಿಲು ಕಾಯುತ್ತ ಪೈಪು ಸೇದುತ್ತಿದ್ದ.

"ಲೀನ್‌ಹಾರ್ಟಾ? ಬಾ ಬಾ. ನಿನಗಿಂತ ಮೊದಲು ನಿನ್ನ ಬಂದೂಕಿನ ಎಣ್ಣೆ ವಾಸನೆ ಬರುತ್ತಲ್ಲೋ ಮಾರಾಯ!"

"ಹೇಳಬೇಕಾದ್ದು ಹೇಳ್ಬಿಡ್ತೀನಿ. ಬೇಕಾದ್ರೆ ಆಮೇಲೆ ನಾಯಿ ಛೂ ಬಿಡು." ಲೀನ್‌ಹಾರ್ಟ್ ಕೂರಲಿಲ್ಲ. "ನಿನ್ನ ಹೆಂಡತಿ ಬಂದೂಕು ಮಾಡಿಸ್ತಿದ್ದಾಳೆ. ಎಂಟರ ತೋಟಾ, ಕಡ್ಡಿಯಷ್ಟು ಹಗುರ, ಹಿಡಿ ಗಿಡ್ಡ. ಅದು ಹುಟ್ಟುಹಬ್ಬದ ಉಡುಗೊರೆಯಲ್ಲ ಕಣೋ. ನಿನ್ನ ಕಣ್ಣಿಗೆ ಇಟ್ಟಿರೋ ಉರುಳು."

ಕೊರ್ಬಿನಿಯನ್ ಬಾಯಿಂದ ಪೈಪು ತೆಗೆದ.

"ಎಷ್ಟು ಗಿಡ್ಡ ಅಂದಳು?"

"ಮೂರು ಬೆರಳು."

"ನಾಲ್ಕು ಮಾಡು. ಕೇಳೋಕೆ ಸಂಕೋಚಪಟ್ಟಿದ್ದಾಳೆ."

"ನಿನಗೇನು ತಲೆ ಕೆಟ್ಟಿದೆಯಾ? ಆರೂವರೆ ಮಾಡ್ಕೊಡ್ತೀನಿ. ಒದೆತ ಕರು ಮೂತಿ ತಾಗಿಸಿದಂಗಿರುತ್ತೆ."

"ಅದರ ಸದ್ದು ತೆಳು, ಲೀನ್‌ಹಾರ್ಟ್. ಕೆಳಗೆ ಕೂತವರು ಇದ್ಯಾರಪ್ಪ ಹೊಸಬ ಅಂತ ಎದ್ದು ನಿಲ್ತಾರೆ."

"ನಿಲ್ಲಲಿ! ಕಣ್ಣಿಗಿಂತ ಹೆಚ್ಚಾಯ್ತಾ ಅವರ ಮಾತು?"

ಕೊರ್ಬಿನಿಯನ್ ಕೈ ಚಾಚಿದ. ಬೆರಳುಗಳು ಗಾಳಿಯಲ್ಲಿ ತಡಕಾಡಿ, ಕಡೆಗೆ ಗೆಳೆಯನ ತೋಳು ಸಿಕ್ಕಿತು.

"ಆ ಕಣ್ಣು ಆಪರೇಷನ್ನಿಗೂ ಉಳೀಲಿಲ್ಲ ಕಣೋ. ಆಮೇಲಿನ ನಾಲ್ಕು ಹೋತಾನೂ ಹೊಡೆದವಳು ವಾಲ್ಬುರ್ಗಾ."