ಸಿಡಿಲ ಹಲ್ಲು

"ನೀರು ತುಂಬಿದ ಹಾಲಿನ ಕ್ಯಾನಿಗೆ ಇಂಥಾ ಗುಂಡು ಹೊಡೀತಾರಾ? ಹಬ್ಬದ ಕೇಕ್ ತಗೊಂಡೋಗಿ ಹಂದಿಗೆ ಹಾಕಿದ ಹಾಗೆ!" ಬೇಲಿಯ ಮೇಲೆ ಕೂತಿದ್ದ ರಾಯ್ಸ್ ಹೆಂಡತಿಗೆ ಕೇಳಲೆಂದೇ ಕೂಗಿದ.

ಥೋರಾ ಕೇಳಿಸಿಕೊಂಡಳು, ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಕ್ಯಾನುಗಳನ್ನು ಗುಡ್ಡದ ಬುಡದ ದಿಮ್ಮಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ಅಮೆರಿಕದ ಮೊಂಟಾನಾದ ಆ ಕುರಿ ಸಾಕುವ ಮನೆಯಲ್ಲಿ ಅವಳಜ್ಜಿಯ ಕಾಲದಿಂದಲೂ ಒಂದು ನೇಮ: ಹಾಸಿಗೆ ಪಕ್ಕದ ಪಿಸ್ತೂಲಿಗೆ ಸೇರುವ ಗುಂಡು ಮೊದಲು ಹಾಲಿನ ಕ್ಯಾನಿನ ಮುಂದೆ ತನ್ನ ಯೋಗ್ಯತೆ ತೋರಿಸಬೇಕು. ಅಜ್ಜಿಯ ಕಾಲದಲ್ಲಿ ಕ್ಯಾನು ತಗಡಿನದಾಗಿತ್ತು, ಅಷ್ಟೇ.

ಅಂಗಳದಲ್ಲಿ ರಾಯ್ಸ್‌ನ ಲಾರಿ ಆಗಲೇ ಗುರುಗುಟ್ಟುತ್ತಿತ್ತು. ಸರಕು ಹೊತ್ತು ಟೆಕ್ಸಸ್‌ಗೆ ಹೊರಟರೆ ಅವನು ಮರಳುವುದು ಮೂರು ವಾರಕ್ಕೆ. ಕುರಿಗಳು ಈಯುವ ಕಾಲ ಬೇರೆ. ಕತ್ತಲಾದ ಮೇಲೂ ಥೋರಾ ಒಬ್ಬಳೇ ಮನೆಯಿಂದ ಕೊಟ್ಟಿಗೆಗೆ ಓಡಾಡಬೇಕು. ಹೋದ ವಾರವಷ್ಟೇ ಬೆಟ್ಟದಿಂದ ಇಳಿದ, ಚಿರತೆಯಂಥ ಪೂಮಾ ಹೊಸಿಲ ಮೇಲೆ ಮಲಗಿದ್ದ ನಾಯಿಯನ್ನೇ ಎತ್ತಿಕೊಂಡು ಹೋಗಿತ್ತು. ಆ ದಿಗಿಲಿನಲ್ಲೇ ರಾಯ್ಸ್ ಬಂದೂಕು ಮೇಳಕ್ಕೆ ಹೋಗಿ ಈ ಗುಂಡಿನ ಡಬ್ಬಿ ತಂದಿದ್ದ.

ಏನು ಡಬ್ಬಿ ಅದು! ರೆಕ್ಕೆ ಮೂಡಿದ ತಲೆಬುರುಡೆ, ಅದರ ಬಾಯಲ್ಲಿ ಮಿಂಚು, ಕೆಳಗೆ ಬೆಂಕಿಯ ಅಕ್ಷರದಲ್ಲಿ 'ಸಿಡಿಲ ಹಲ್ಲು' ಎಂಬ ಹೆಸರು. ಒಳಗಿನ ಗುಂಡುಗಳ ತುದಿ ಹೂವಿನ ಎಸಳಿನಂತೆ ಸೀಳಿಕೊಂಡು, ನಡುವೆ ನೀಲಿ ಮಣಿಯೊಂದು ಕೂತಿತ್ತು. ಕಿವಿಗೆ ಓಲೆ ಮಾಡಿಸಬಹುದು ಎಂದುಕೊಂಡಳು ಥೋರಾ.

"ವೀಡಿಯೋ ನೋಡಬೇಕಿತ್ತು ನೀನು. ಪರೀಕ್ಷೆಗೆ ಅಂತ ಮಾಂಸದ ಬದಲು ಇಟ್ಟ ಜೆಲ್ಲಿಯ ದಿಮ್ಮಿ ಒಳಗೆ ಹೊಕ್ಕು ತಾವರೆ ಥರ ಅರಳತ್ತೆ!"

"ಪೂಮಾ ಜೆಲ್ಲಿ ತಿಂದು ಬೆಳೆದದ್ದಲ್ಲ ಮಹಾರಾಯ. ಕಿವಿ ಮುಚ್ಕೋ."

ಮೊದಲ ಗುಂಡಿಗೆ ಕ್ಯಾನು ಕಾರಂಜಿಯಾಗಿ ಮುಗಿಲಿಗೆ ಹಾರಿತು. ರಾಯ್ಸ್ ಬೇಲಿಯಿಂದ ಜಿಗಿದು ಕುಣಿದೇ ಬಿಟ್ಟ. ಥೋರಾ ಮತ್ತೆ ಪಿಸ್ತೂಲಿನ ಕುದುರೆ ಎಳೆದಳು. ಸದ್ದಿಲ್ಲ. ಎರಡನೇ ಗುಂಡಿನ ಚೆಂದದ ಎಸಳು ಗಂಟಲಲ್ಲಿ ಸಿಕ್ಕಿಕೊಂಡು, ಪಿಸ್ತೂಲು ಅರೆಬಾಯಿ ತೆರೆದು ನಿಂತಿತ್ತು. ಬಿಡಿಸಿ, ಮತ್ತೆ ತುಂಬಿ ಹೊಡೆದಳು. ಮತ್ತೆ ಸಿಕ್ಕಿಕೊಂಡಿತು.

"ನಿನ್ನ ಹಿಡಿತ ಸಡಿಲ. ಕೊಡಿಲ್ಲಿ," ಎಂದು ರಾಯ್ಸ್ ಕಸಿದುಕೊಂಡ. ಅವನ ಕೈಯಲ್ಲೂ ಅದೇ ಹಾಡು.

"ನಿನ್ನ ಹಿಡಿತಕ್ಕೇನಾಯ್ತೋ?"

"ಪಿಸ್ತೂಲು ಹಳೇದು."

"ನಮ್ಮಜ್ಜಂದು. ಹುಟ್ಟಿದಾಗಿಂದ ದುಂಡು ಮೂಗಿನ ಗುಂಡು ತಿಂದು ಬದುಕಿದೆ. ಈ ವಯಸ್ಸಲ್ಲಿ ಹೂವು ತಿನ್ನು ಅಂದ್ರೆ ತಿನ್ನತ್ತಾ?"

ಥೋರಾಳಿಗೆ ಅಜ್ಜಿ ಹೇಳುತ್ತಿದ್ದ ಕಥೆಯ ಏಳನೇ ರಾಜಕುಮಾರ ನೆನಪಾದ. ರಾಕ್ಷಸ ಬಾಗಿಲಿಗೆ ಬಂದರೆ ಅವನ ರತ್ನದ ಕತ್ತಿ ಒರೆಯಿಂದ ಈಚೆಗೇ ಬರಲೊಲ್ಲದು. ಕೊನೆಗೆ ರಾಕ್ಷಸನ ನೆತ್ತಿ ಒಡೆದದ್ದು ಅಡುಗೆಯವಳ ಕಬ್ಬಿಣದ ಸೌಟು.

"ಇರಲಿ ಬಿಡು. ಹಳೇ ಗುಂಡಿನ ಡಬ್ಬಿಗಳು ಎಲ್ಲಿ?" ಎಂದಳು.

ರಾಯ್ಸ್ ಟೋಪಿಯೊಳಗೆ ಕೈ ತೂರಿಸಿ ತಲೆ ಕೆರೆದುಕೊಂಡ. "ಅವನ್ನ… ಮೇಳದಲ್ಲಿ ಕೊಟ್ಬಿಟ್ಟೆ. ಅವನ್ನ ಕೊಟ್ಟಿದ್ದಕ್ಕೇ ಇದು ಸಿಕ್ಕಿದ್ದು."

"ಎಲ್ಲಾನೂ?"

"ಎಲ್ಲಾನೂ."

ಕೊಟ್ಟಿಗೆಯಲ್ಲಿ ಈಯಲು ಕೂತ ಕುರಿಯೊಂದು ನರಳಿತು. ಇವತ್ತು ಭಾನುವಾರ, ಪೇಟೆಯ ಅಂಗಡಿ ತೆರೆಯುವುದು ನಾಳೆಗೆ. ಪೂಮಾಗೆ ವಾರವೂ ಇಲ್ಲ, ರಜೆಯೂ ಇಲ್ಲ.

"ನಿನ್ನ ಲಾರಿಯಲ್ಲಿರೋ ಪಿಸ್ತೂಲು ತಾ. ಅದರಲ್ಲಾದ್ರೂ ನಿನ್ನ ತಾವರೆ ಅರಳತ್ತಾ ನೋಡೋಣ."

"ಅದ್ಯಾಕೀಗ? ಹೊತ್ತಾಯ್ತು ನಂಗೆ," ಎಂದು ರಾಯ್ಸ್ ಅವಸರ ಮಾಡಿದ. ಆ ಅವಸರ ಥೋರಾಳಿಗೆ ಸರಿಬರಲಿಲ್ಲ. ತಾನೇ ಹೋಗಿ ಲಾರಿ ಹತ್ತಿ, ಸೀಟಿನಡಿಯ ಪಿಸ್ತೂಲು ತೆಗೆದು ಬಿಚ್ಚಿದಳು. ಒಳಗಿದ್ದವು ಮಸುಕು ಬಣ್ಣದ, ದುಂಡು ಮೂಗಿನ, ಅದೇ ಹಳೇ ಗುಂಡುಗಳು.

"ಸಿಡಿಲ ಹಲ್ಲು ಎಲ್ಲಿ?"

"ನಂಗ್ಯಾಕೆ ಅದೆಲ್ಲಾ? ಇವು ಸಾಕು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ…"

ಹೇಳುತ್ತಿದ್ದಂತೆ ತನ್ನ ಮಾತು ತನಗೇ ಕೇಳಿಸಿ ರಾಯ್ಸ್‌ನ ಕಿವಿ ಕೆಂಪಾಯಿತು. "ನಿನಗೆ ಒಳ್ಳೇದು ಇರಲಿ ಅಂತ ತಂದೆ ಚಿನ್ನ. ನಿಜವಾಗ್ಲೂ."

ಹೊಡೆಯಬೇಕೋ ಮುದ್ದಿಸಬೇಕೋ ಥೋರಾಳಿಗೆ ಗೊತ್ತಾಗಲಿಲ್ಲ. ಅಂಗೈ ಚಾಚಿದಳು. ಅವನು ಒಂದೊಂದೇ ಗುಂಡು ಕಿತ್ತು ಆ ಅಂಗೈಗೆ ಹಾಕಿದ, ತಪ್ಪು ಮಾಡಿದ ಹುಡುಗ ಕದ್ದ ಗೋಲಿಗಳನ್ನು ಹಿಂದಿರುಗಿಸುವ ಹಾಗೆ. ಅವಳು ಅವನ್ನು ಅಜ್ಜನ ಪಿಸ್ತೂಲಿಗೆ ತುಂಬಿ, ಉಳಿದ ಕ್ಯಾನುಗಳ ಕಡೆ ಒಂದರ ಹಿಂದೊಂದು ಎರಡು ಹೊಡೆದಳು. ಕಾರಂಜಿ ಅಷ್ಟೇನೂ ಎತ್ತರ ಹಾರಲಿಲ್ಲ. ಆದರೆ ಎರಡೂ ಗುಂಡು ಹಾರಿದವು. ಮಿಕ್ಕ ಗುಂಡುಗಳು ಪಿಸ್ತೂಲಿನೊಳಗೇ ಉಳಿದವು.

"ಮತ್ತೆ ನೀನು?" ಎಂದಳು, ಈಗ ಸ್ವಲ್ಪ ಮೆತ್ತಗೆ.

"ದಾರೀಲಿ ಊರುಗಳಿವೆ. ನಾಳೆ ಎಲ್ಲಾದ್ರೂ ಕೊಂಡ್ಕೋತೀನಿ."

ಲಾರಿ ಹೊರಡುವಾಗ ಅವಳು ತಲೆಬುರುಡೆಯ ಡಬ್ಬಿಯನ್ನು ಕಿಟಕಿಯೊಳಗೆ ಎಸೆದಳು. "ಅಲ್ಲೀವರೆಗೂ ಯಾರಾದ್ರೂ ಎದುರಾದ್ರೆ ಇದನ್ನ ತೋರ್ಸು. ಚಿತ್ರ ನೋಡೇ ಓಡಿಹೋಗ್ತಾರೆ!"

ರಾಯ್ಸ್‌ನ ನಗು ಮತ್ತು ಹಾರ್ನಿನ ಸದ್ದು ತಿರುವಿನಾಚೆ ಕರಗಿತು. ಥೋರಾ ಕ್ಯಾನುಗಳನ್ನು ಆಯಲು ಬಗ್ಗಿದಳು. ಚೆಲ್ಲಿದ ನೀರು ದಿಮ್ಮಿಯ ಹಿಂದಕ್ಕೆ ಹರಿದು, ಕೆಸರಿನಲ್ಲಿ ಹೊಸದಾಗಿ ಮೂಡಿದ್ದ ಅಗಲವಾದ ಪಂಜದ ಗುರುತೊಂದನ್ನು ಅಂಚಿನವರೆಗೂ ತುಂಬಿ ನಿಂತಿತ್ತು.