ಜೋಡಿ ಸುಳಿ

"ತೆಗಿ ಅದನ್ನ! ಈಗಿಂದೀಗ್ಲೇ ತೆಗಿ! ಇಲ್ಲಾಂದ್ರೆ ಆ ಫೋನು ಚರಂಡಿಗೆ ಹೋಗ್ತೈತಿ, ಹೇಳ್ಬಿಟ್ಟೀನಿ!"

ಉಡುತಡಿಯ ರಂಗಪ್ಪ ಕೂಗಿದ ಜೋರಿಗೆ ಪಕ್ಕದ ಸೈಕಲ್ ಶಾಪಿನವನು ಬಗ್ಗಿ ನೋಡಿದ. ಅಂಬರೀನ್ ಫೋನನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು. ಅವಳಪ್ಪ ಮುನೀರ್ ಅಹ್ಮದ್ ಮಾತ್ರ ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಹೋರಿ ಹಬ್ಬದಲ್ಲಿ ಓಡುವ ಹೋರಿಗಳ ಬೆನ್ನಿಗೆ ಹೊದಿಸುವ, ಜರಿ ಕನ್ನಡಿ ಕೂರಿಸಿದ ಜೂಲಾ ಹೊಲಿಯುವ ಅಂಗಡಿ ಅದು. ರಂಗಪ್ಪನ ಹೋರಿ 'ಸಿಡಿಲು' ಅಂದರೆ ಶಿಕಾರಿಪುರದಿಂದ ಸೊರಬದವರೆಗೆ ಹೆಸರು. ಅದರ ಜೂಲಾ ಪ್ರತಿ ವರ್ಷ ಮುನೀರ್ ಕೈಯಿಂದಲೇ ಆಗಬೇಕು.

"ತೆಗಿಯೋಕಾಗಲ್ಲ ಕಾಕಾ," ಎಂದಳು ಅಂಬರೀನ್. "ರೆಡಿಮೇಡ್ ಜೂಲಾ ಬಂದ್ಮೇಲೆ ಈ ಅಂಗಡಿಗೆ ಯಾರು ಬರ್ತಿದ್ರು, ನೀವೇ ಹೇಳ್ರಿ. ಹೋದ ವರ್ಷ ನಿಮ್ದೊಂದೇ ಹೊಲಿದಿದ್ದು. ಇನ್‌ಸ್ಟಾಗ್ರಾಮಿಗೆ ಈ ರೀಲ್ ಹಾಕಿದ್ಮೇಲೆ ಸೊರಬದಿಂದ, ಹಾನಗಲ್ಲಿಂದ ಫೋನ್ ಬರ್ತಾ ಐತಿ. ಇದನ್ನ ತೆಗೆದ್ರೆ ನಮ್ಮ ಪೇಜೇ ಸತ್ತಂಗೆ. ಅಂಗಡಿ ಮುಚ್ಚಬೇಕು, ಅಷ್ಟೇ."

"ನಿನ್ ಪೇಜು ಕಟ್ಕಂಡು ನನಗೇನಾಗ್ಬೇಕು? ಜೂಲಾ ಹೊದ್ಸೋದು ಅಖಾಡದಾಗೆ! ಅದಕ್ಕೂ ಮೊದ್ಲೇ ಊರಿಗೆಲ್ಲಾ ತೋರ್ಸಿದ್ರೆ ಕಾಪಿ ಹೊಡೆಯೋದಿಲ್ವಾ?"

"ಡಿಸೈನ್ ಕಾಣದಂಗೆ ಮಡಚಿ ತೆಗ್ದೀನಿ ಕಾಕಾ. ನಿಮ್ಮ ಹೊಲದ ಕೊಟ್ಟಿಗೇಲಿ ಅಬ್ಬಾ ಅಳತೆ ತಗಂಡಿದ್ದು, ಇಲ್ಲಿ ಕನ್ನಡಿ ಕೂರ್ಸಿದ್ದು, ಅಷ್ಟೇ ಐತಿ. ಸುಮ್ನೆ ಬೈತೀರಿ. ಜನ ಹೆಂಗೆ ಹೊಗಳ್ಯಾರೆ ಕೇಳ್ರಿ ಬೇಕಾದ್ರೆ." ರೀಲ್ ಕೆಳಗಿನ ಕಾಮೆಂಟುಗಳನ್ನು ತೆರೆದಳು. ಒಂದೊಂದಾಗಿ ಓದತೊಡಗಿದಳು. "'ಸಿಡಿಲು ಬಂದ್ರೆ ಅಖಾಡ ಖಾಲಿ.' 'ಮುನೀರ್ ಚಾಚಾ ಕೈಕೆಲಸ ಬೆಂಕಿ.' 'ಸಿಡಿಲಿಗೆ ಡುಬ್ಬದ ಹಿಂದೆ ಜೋಡಿ ಸುಳಿ ಇತ್ತಲ್ವಾ? ಈ ಹೋರಿಗೆ ಒಂದೇ ಸುಳಿ ಐತೆ. ಇದು ಯಾವ ಹೋರಿ?'"

ಓದಿ ಮುಗಿದ ಮೇಲೆ ಅವಳಿಗೆ ಅರ್ಥವಾಯಿತು. ಮಿಷನ್ನೂ ನಿಂತಿತು.

ರಂಗಪ್ಪ ಸ್ಟೂಲಿನ ಮೇಲೆ ಕುಸಿದ. ಅಷ್ಟು ಹೊತ್ತು ಅಂಗಡಿ ನಡುಗಿಸಿದ ಗಂಟಲು ಈಗ ಪಿಸುಗುಟ್ಟಿತು.

"ಸಾಬ್ರೆ, ನಿಮಗೆ ಗೊತ್ತಿತ್ತಾ?"

"ಟೇಪ್ ಹಿಡಿದಾಗ್ಲೇ ಗೊತ್ತಾತು ರಂಗಣ್ಣ."

"ಮತ್ತೆ ಕೇಳ್ಲಿಲ್ಲ?"

"ನೀವು ಹೇಳ್ಲಿಲ್ಲ. ಹೇಳದೇ ಇದ್ದಿದ್ದನ್ನ ನಾನ್ಯಾಕೆ ಕೇಳ್ಲಿ."

"ಮಳೆಗಾಲದಾಗೆ ಚರ್ಮಗಂಟು ಬಂತು," ಎಂದ ರಂಗಪ್ಪ. "ಡಾಕ್ಟ್ರು ಸೂಜಿ ಹಾಕಿದ್ರು, ಉಳೀಲಿಲ್ಲ. ನಾನೂ ನನ್ನ ಹೆಂಡ್ತಿ ಹೂವಮ್ಮನೂ ಹೊಲದಾಗೇ ಗುಂಡಿ ತೆಗೆದು ಮುಚ್ಚಿದ್ವಿ. ಊರ ಹುಡುಗರು ಟೀಶರ್ಟಿನ ಎದೆ ಮೇಲೆ ಅದರ ಫೋಟೋ ಹಾಕ್ಕಂಡು ತಿರುಗ್ತಾವೆ ಸಾಬ್ರೆ. ಅವರ ಮುಂದೆ ಏನಂತ ಬಾಯಿ ಬಿಡ್ಲಿ? ದೂರದಿಂದ ಅದರಂಥದೇ ಒಂದು ತಂದೆ. ಊರಿಗೆ ಹೊಡ್ಕಂಡು ಬರದೇ, ರೋಗ ಹರಡ್ತೈತಿ ಹತ್ರ ಬರಬ್ಯಾಡ್ರಿ ಅಂತ ಎಲ್ಲರಿಗೂ ಹೇಳಿ ಹೊಲದಾಗೇ ಕಟ್ಟಿದೆ. ಈ ಸಲ ಒಂದು ಓಡಿಸಿ, ಆಮೇಲೆ ಸತ್ತೋತು ಅಂತ ಹೇಳಿದ್ರಾತು ಅಂದ್ಕಂಡಿದ್ದೆ. ಮೇಲೆ ಜೂಲಾ ಹೊದ್ಸಿದ್ರೆ ಸುಳಿ ಯಾರಿಗೆ ಕಾಣ್ತಿತ್ತು?"

ಅಂಬರೀನ್ ಫೋನಿನ ಮೇಲೆ ಹೆಬ್ಬೆರಳಿಟ್ಟಳು. ಅಳಿಸಲೇ ಎಂದು ಫೋನು ಕೇಳಿತು. ಅವಳ ಕಣ್ಣು ರೀಲ್ ಕೆಳಗಿನ ಲೈಕುಗಳ ಮೇಲೆ ಹೋಯಿತು, ಸುಳ್ಳು ಯಾಕೆ ಹೇಳಬೇಕು, ಹೋಗಿ ಅಲ್ಲೇ ನಿಂತಿತು. ಆಮೇಲೆ ಒತ್ತಿದಳು.

"ತೆಗೆದೆ ಕಾಕಾ. ಹೋತು. ಇನ್ನು ಯಾರಿಗೂ ಕಾಣಂಗಿಲ್ಲ."

ರಂಗಪ್ಪನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದ. ಬೇರೆ ಯಾವುದೋ ಪೇಜಿನವರು ಅದೇ ರೀಲನ್ನು ಎತ್ತಿ ಹಾಕಿದ್ದರು. ಹೋರಿಯ ಬೆನ್ನು ಕಾಣುವ ಜಾಗದಲ್ಲಿ ನಿಲ್ಲಿಸಿ, ಆ ಒಂಟಿ ಸುಳಿಯ ಸುತ್ತ ಕೆಂಪು ಗೆರೆ ಎಳೆದು, 'ಸಿಡಿಲು ಎಲ್ಲಿ?' ಎಂದು ಬರೆದಿದ್ದರು. ಕಳಿಸಿದವನು ಪಕ್ಕದ ಮನೆಯ ಹರೀಶ. ಸಿಡಿಲು ಮನೆಯಲ್ಲಿದ್ದಾಗ ಅದಕ್ಕೆ ಸಂಜೆ ಹುರುಳಿ ತಿನ್ನಿಸದೆ ತಾನು ಉಣ್ಣದಿದ್ದ ಹುಡುಗ. ಬೈದಿರಲಿಲ್ಲ, ಜಗಳಕ್ಕೆ ಬಂದಿರಲಿಲ್ಲ. ಕೆಳಗೆ ಒಂದೇ ಮಾತು ಹಾಕಿದ್ದ: 'ಮಾಮಾ?'

ರಂಗಪ್ಪ ಎದ್ದ. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದ. "ರಂಗಣ್ಣ, ಚಾ ಕುಡ್ದು ಹೋಗ್ರಿ," ಎಂದು ಮುನೀರ್ ಹಿಂದಿನಿಂದ ಕರೆದ. ಅವನು ತಿರುಗಲಿಲ್ಲ.

ಹಬ್ಬ ಬಂತು, ಮುಗಿಯಿತು. ಜೂಲಾ ಒಯ್ಯಲು ರಂಗಪ್ಪ ಬರಲಿಲ್ಲ. ಆಮೇಲೂ ಬರಲಿಲ್ಲ. ಒಂದು ದಿನ ಅದನ್ನು ಮಡಚುತ್ತಿದ್ದ ಅಪ್ಪನನ್ನು ನೋಡಿ ಅಂಬರೀನಳಿಗೆ ತಡೆಯಲಾಗಲಿಲ್ಲ.

"ಅಷ್ಟೆಲ್ಲಾ ಗೊತ್ತಿತ್ತಲ್ಲ ಅಬ್ಬಾ. ನನಗೊಂದು ಮಾತು ಹೇಳ್ಬಾರ್ದಿತ್ತಾ?"

ಮುನೀರ್ ತಲೆ ಎತ್ತಲಿಲ್ಲ.

"ಹೇಳಿದ್ರೆ ಅದನ್ನೂ ಹಾಕ್ತಿದ್ದಿ."