ಬಳೆ ತೊಡಿಸದ ಸಂಜೆ

ಮದುವೆಯ ಹಿಂದಿನ ಸಂಜೆ ಬಳೆಗಾರ ಬಂದು ಗಂಟು ಬಿಚ್ಚುತ್ತಿದ್ದಂತೆ ಅಮ್ಮ ಅಡ್ಡ ಬಂದಳು. "ಇವತ್ತು ಬೇಡ. ಬೆಳಿಗ್ಗೆ ಬಾರಪ್ಪ."

"ಮದುಮಗಳನ್ನ ಬರಿಗೈಲಿ ಮಲಗಿಸ್ತೀಯಾ? ನಿಂಗೇನು ತಲೆ ಕೆಟ್ಟಿದೆಯಾ?" ನಾಳೆ ಬೀಗಿತ್ತಿಯಾಗಲಿದ್ದ ಸೋದರತ್ತೆ ಎಲ್ಲರೆದುರೇ ಬೈದಳು. ಅಪ್ಪನೂ ಕಣ್ಣು ಕೆಂಪಗೆ ಮಾಡಿದ. ಬೈಸಿಕೊಳ್ಳಲೆಂದೇ ಆ ಮನೆಯಲ್ಲಿ ಇದ್ದವಳು ಅಮ್ಮ. ಆದರೂ ಅವತ್ತು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಒಳಕೋಣೆಯಲ್ಲಿ ಮಗಳು ಫೋನು ಹಿಡಿದು ನಿಂತಿದ್ದಳು.

"ಎಲ್ಲ ಮಲಗಿದ ಮೇಲೆ ಹಿತ್ತಲ ಬಾಗಿಲಿಂದ ಬಂದ್ಬಿಡು. ಬೈಕ್ ತಂದು ಕಾಯ್ತಿರ್ತೀನಿ," ಎಂದ ಅವಳು ಪ್ರೀತಿಸಿದ ಹುಡುಗ.

"ನಾನು ಬಂದ್ಬಿಟ್ರೆ ಇವರೆಲ್ಲ ಸೇರಿ ಅಮ್ಮನ್ನ ಉಳಿಸ್ತಾರಾ? ಬಳೆ ವಿಷಯಕ್ಕೇ ಹರಿದು ತಿಂತಿದಾರೆ."

"ಹಂಗಂತ, ಮೊದಲನೇ ಹೆಂಡ್ತಿನ ಹೊಡೆದು ಓಡಿಸಿದ ಆ ಅತ್ತೆ ಮಗನ್ನ ಕಟ್ಕೊಳ್ತೀಯಾ?"

ಅವಳು ಬಾಗಿಲ ಸಂದಿಯಿಂದ ಅಮ್ಮನ ಕಡೆ ನೋಡಿದಳು.

"ಅಮ್ಮನ್ನ ಇವರ ಬಾಯಿಗೆ ಹಾಕಿ ಬರೋಕೆ ನನ್ನಿಂದ ಆಗಲ್ಲ," ಎಂದು ಫೋನಿಟ್ಟಳು.

ಬೆಳಿಗ್ಗೆ ಬಳೆಗಾರ ಎರಡೂ ಕೈತುಂಬ ಹಸಿರು ಗಾಜಿನ ಬಳೆ ಏರಿಸಿದ. ಪಕ್ಕದಲ್ಲಿ ಕೂತಿದ್ದ ಅಮ್ಮನ ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು.

"ಅಳಬೇಡಮ್ಮ. ನಿನಗೋಸ್ಕರಾನೇ ಎಲ್ಲೂ ಹೋಗದೆ ಉಳಿದೆ," ಮಗಳು ಪಿಸುಗುಟ್ಟಿದಳು.

ಅಮ್ಮ ಅವಳ ಕೈ ಹಿಡಿದು ಒಮ್ಮೆ ಅಲುಗಿಸಿದಳು. ಬಳೆಗಳು ಮನೆಗೆಲ್ಲ ಕೇಳುವಂತೆ ಗಲಗಲ ಎಂದವು.

"ಈ ಸದ್ದಾಗಬಾರ್ದು ಅಂತಾನೇ ಕಣೇ, ನಿನ್ನೆ ಬೇಡ ಅಂದಿದ್ದು."